ಗೋಡೆಗೆ ಅಂಟಿಸಿದ ಮನೆ ವಿಷಯ

ಅಲ್ಲ ಸ್ನೇಹಿತರೇ, ಶಾಲೆಗೆ ಚಂದಾ ಕೇಳಬೇಕಾದರೆ ಮಗುವಿನ ಮಾನವನ್ನು ಗೋಡೆಗೆ ಅಂಟಿಸಬೇಕೇ? ಇವತ್ತು ನೀಲಗಿರಿಯ ಸೋಲೂರಿನಲ್ಲಿ, ನಾವು ಚಹಾ ಎಲೆ ತೂಗಿಸುವ ಶೆಡ್ಡಿನ ಗೋಡೆಯ ಚಂದಾ ನೋಟೀಸಿನಲ್ಲಿ ನನ್ನ ತಂಗಿಯ ಮಗಳ ಫೋಟೋ ಕಂಡೆ. ಕೆಳಗೆ ಹೆಸರು, ಹಟ್ಟಿ, ‘ಕುಡುಕ ತಂದೆಯ ಮಗಳು’ ಎಂದು ಅಚ್ಚಾಗಿತ್ತು. ಹುಡುಗಿ ಇನ್ನು ಶಾಲೆಗೇ ಹೋಗುವುದಿಲ್ಲ ಎಂದು ಅಳುತ್ತಾ ಕುಳಿತಿದ್ದಾಳೆ.

ಅದನ್ನು ಅಂಟಿಸಿದ ಶಾಲಾ ಸಮಿತಿಯ ಸೆಕ್ರೆಟರಿ ಅಲ್ಲೇ ಇದ್ದರು. “ಇದೆಲ್ಲ ಹಾಕದಿದ್ರೆ ಯಾರು ಕೊಡ್ತಾರೆ ಅಕ್ಕಾ?” ಎಂದರು.

“ಕೇಳೋರು ನೀವು ತಾನೆ ಅಣ್ಣಾ? ನಿಮ್ಮದೂ ಇದರ ಮೇಲೇ ಬರೀತೀನಿ,” ಎಂದು ಪೆನ್ನು ತೆಗೆದೆ. “ಸಕ್ಕರೆ ಕಾಯಿಲೆ, ಕಟ್ಟಿಸಿಕೊಂಡ ಹಲ್ಲು, ಮಗ ಎರಡು ಸಲ ಫೇಲು...”

ಎಲೆ ತಂದಿದ್ದ ಹೆಂಗಸರೆಲ್ಲ, “ಇನ್ನೂ ಬರಿ ಅಕ್ಕಾ!” ಎಂದು ನಕ್ಕರು.

“ಅಯ್ಯೋ, ಅದು ಮನೆ ವಿಷಯ!” ಎನ್ನುತ್ತಾ ಸೆಕ್ರೆಟರಿ ತಾವೇ ನೋಟೀಸು ಕಿತ್ತರು.

ಈಶ್ವರಾ, ಇಷ್ಟು ಬೇಗ ಪಾಠ ಕಲಿಯುವವರು ಆ ಶಾಲೆಯ ಮಕ್ಕಳಲ್ಲೂ ಇರಲಿಕ್ಕಿಲ್ಲ.