ತಿಪ್ಪಮ್ಮನ ಕಾಲ್ಗುಣ

ಬಾಣಂತಿಗೆ ನೀರು ಹಾಕಲು ಬಂದ ತಿಪ್ಪಮ್ಮ ಕೂಸಿನ ಮುಖ ನೋಡುತ್ತಿರಲಿಲ್ಲ. ಉಳಿದವರೆಲ್ಲ ಕೂಸಿನ ಮೇಲೆ ಮುಗಿಬಿದ್ದು, ಮೂಗು ಯಾರದು, ಬಣ್ಣ ಯಾರದು ಎಂದು ವಾದಕ್ಕೆ ಕೂತರೆ ಇವಳು ಸೀದಾ ತಾಯಿಯ ಕಾಲ ಬಳಿ ಕೂರುತ್ತಿದ್ದಳು. ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ, ಬಿದ್ದ ಗುಳಿ ತುಂಬುವ ತನಕ ಸುಮ್ಮನೆ ನೋಡುತ್ತಿದ್ದಳು. "ಕೂಸಿಗೇನ್ರಿ, ಅತ್ತು ಬೀದಿಗೆಲ್ಲ ಹೇಳ್ತೈತೆ. ಇವಳು ಹೇಳಾಕೆ ನಾಚ್ಕಂತಾಳೆ" ಎನ್ನುತ್ತಿದ್ದಳು.

ಜಗಳೂರು ಕಡೆಯವಳು. ನಮ್ಮೂರು ನ್ಯಾಮತಿಗೆ ಯಾಕೆ ಬಂದಳು ಎಂದು ನಾವ್ಯಾರೂ ಕೇಳಿರಲಿಲ್ಲ. ಆಳು ಸಣಕಲು, ಬಾಯಿ ಮಾತ್ರ ಜೋರು. ನಂಜಾಗುತ್ತದೆಂದು ಬಾಣಂತಿಗೆ ಕುಡಿಯಲು ನೀರೇ ಕೊಡದ ಮನೆಗಳಲ್ಲಿ ಹಿರಿಯರೆಂದೂ ನೋಡದೆ ರೇಗುತ್ತಿದ್ದಳು: "ಮೈಮೇಲೆ ಎರಡು ಹಂಡೆ ಸುರಿಸ್ತೀರಿ, ಬಾಯಿಗೆ ಒಂದ್ ಲೋಟ ಹಾಕಾಕೆ ಏನ್ ಬರಗಾಲ ನಿಮಗೆ?" ಬೈಸಿಕೊಂಡವರೂ ಮುಂದಿನ ಬಾಣಂತನಕ್ಕೆ ಅವಳನ್ನೇ ಕರೆಯುತ್ತಿದ್ದರು, ಆಗ.

ನನ್ನ ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಮೂರನೇ ದಿನ ತವರಿಗೆ ಬಂದೆ. ಹೆರಿಗೆ ಮುಗಿದ ಮೇಲೆ ಆಸ್ಪತ್ರೆಯ ಋಣವೂ ಮುಗಿಯಿತು ಎಂಬುದು ನಮ್ಮ ಕಡೆಯ ಲೆಕ್ಕಾಚಾರ. ಐದನೇ ದಿನ ಎದ್ದಾಗಿನಿಂದ ತಲೆ ಸಿಡಿಯುತ್ತಿತ್ತು. ಅವ್ವ ಶೀತವೆಂದು ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದಳು. ತಿಪ್ಪಮ್ಮ ಬಂದು ಕಾಲು ಒತ್ತಿದಳು. ಗುಳಿ ತುಂಬಲೇ ಇಲ್ಲ.

"ಕಣ್ಣ ಮುಂದೆ ಮಿಣಿಮಿಣಿ ಅಂತೈತೇನವ್ವಾ?"

ಹೌದು ಎಂದೆ. ಸಾಂಬ್ರಾಣಿ ಹೊಗೆಗೆ ಹಾಗಾಗಿದೆ ಎಂದುಕೊಂಡಿದ್ದೆ. ತಿಪ್ಪಮ್ಮ ಚೊಂಬು ಕೆಳಗಿಟ್ಟಳು. "ಇವತ್ತು ನೀರು ಹಾಕಲ್ಲ. ಆಟೋ ಕರೆಸ್ರಿ, ಹೊನ್ನಾಳಿ ಆಸ್ಪತ್ರೆಗೆ ಹೋಗಾಣ."

"ಅಮಾಸೆ ದಿನ ಹಸಿ ಬಾಣಂತಿನ ಹೊಸ್ತಿಲು ದಾಟಿಸ್ತೀಯಾ? ನಾಳೆ ನೋಡಾಣ" ಎಂದಳು ಅವ್ವ.

"ನಾಳಿಕೆ ಇವಳು ಇರ್ಬೇಕಲ್ರಿ."

"ಬಿಡ್ತು ಅನ್ನು!" ಅವ್ವ ಕೂಗಿದಳು.

"ಅನ್ನಲ್ಲ" ಎಂದವಳೇ ತಿಪ್ಪಮ್ಮ ತಾನೇ ಬೀದಿಗೆ ಹೋಗಿ ಆಟೋ ತಂದಳು.

ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ನಾನು ಕಣ್ಣು ಮುಚ್ಚಬಾರದೆಂದು ಏನೇನೋ ಮಾತಾಡಿದಳು. ಅದರಲ್ಲೇ ಇದೂ ಬಂತು.

"ಜಗಳೂರಾಗೆ ಒಬ್ಬಳು ಹಿಂಗೇ ತಲೆನೋವು ಅಂದಿದ್ಲು. ಶೀತ ಅಂತ ನಾನೇ ಬಟ್ಟೆ ಬಿಗಿದೆ. ಮಧ್ಯಾಹ್ನ ಕೈಕಾಲು ಸೆಟದ್ವು. ದೇವ್ರು ಮೈಮೇಲೆ ಬಂದೈತೆ ಅಂತ ಎಲ್ಲಾರೂ ಕೈ ಮುಗುದ್ರು. ನಾನೂ ಮುಗುದೆ. ಸಂಜಿಗೆ ಹೋದ್ಲು. ಆ ಮನೇರು ನನಗೆ ಒಂದು ಮಾತು ಬೈಲಿಲ್ಲ. ಮತ್ತೊಬ್ಬ ಸೊಸೆ ತಂದು, ಅವಳ ಬಾಣಂತನಕ್ಕೂ ನನ್ನೇ ಕರಿಯಾಕೆ ಬಂದ್ರು. ಅವತ್ತೇ ಊರು ಬಿಟ್ಟೆ."

ಆಸ್ಪತ್ರೆಯ ಮೆಟ್ಟಿಲ ಮೇಲೆ ನನಗೆ ಫಿಟ್ಸ್ ಬಂತಂತೆ. ಬಿ.ಪಿ. ವಿಪರೀತ ಏರಿತ್ತು. ಅದು ಮನೆಯಲ್ಲೇ ಬಂದಿದ್ದರೆ ನಮ್ಮವರೂ ಕೈ ಮುಗಿಯುತ್ತಿದ್ದರೇನೋ. ನಾಲ್ಕು ದಿನ ಬಿಟ್ಟು, ಬದುಕಿ ಮನೆಗೆ ಬಂದೆ.

ನಾನಿನ್ನೂ ತವರಿನಲ್ಲಿದ್ದಾಗಲೇ ತಿಪ್ಪಮ್ಮ ಇನ್ನಿಬ್ಬರು ಬಾಣಂತಿಯರನ್ನು ಆಸ್ಪತ್ರೆಗೆ ಕಳಿಸಿದಳು. ಒಬ್ಬಳ ಮನೆಯವರು ತಿಪ್ಪಮ್ಮ ಹೇಳಿದ ಮೇಲೂ ಎರಡು ದಿನ ತಡ ಮಾಡಿದ್ದರು. ಅವಳು ತಿರುಗಿ ಬರಲಿಲ್ಲ. ತಡ ಮಾಡಿದ್ದನ್ನು ಯಾರೂ ಆಡಲಿಲ್ಲ. "ತಿಪ್ಪಮ್ಮ ಕಾಲಿಟ್ಟ ಮನಿಗೆ ಆಂಬುಲೆನ್ಸ್ ಬರ್ತೈತೆ" ಎಂಬ ಮಾತು ಮಾತ್ರ ಊರು ಸುತ್ತಿತು. ನಮ್ಮ ಪಡಸಾಲೆಯಲ್ಲಿ ಕೂತು ಅವ್ವನೂ ಅದನ್ನೇ ಹೇಳಿದಳು. ಒಳಗೆ ಮಗಳಿಗೆ ಹಾಲೂಡಿಸುತ್ತ ಎಲ್ಲ ಕೇಳಿಸಿಕೊಂಡೆ. ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಅವ್ವನ ಕೈಯ ಬಿಸಿ ಅನ್ನ ಉಣ್ಣುತ್ತಿದ್ದೆ, ಮನೆಯಲ್ಲಿ ರಂಪ ಯಾಕೆ ಎಂದು ಸುಮ್ಮನಾದೆ. ಮಗಳ ಹೆಸರಿಡುವ ದಿನ ತಿಪ್ಪಮ್ಮನಿಗೆ ಕರೆ ಹೋಗಲಿಲ್ಲ. ಆಮೇಲೆ ಅವಳನ್ನು ಯಾವ ಮನೆಯವರೂ ಕರೆಯಲಿಲ್ಲ.

ಕಳೆದ ವರ್ಷ ತಂಗಿಯ ಬಾಣಂತನ. ಅವ್ವ ಬೇರೆಯವಳನ್ನು ಗೊತ್ತುಮಾಡಿದಳು. ಆರನೇ ದಿನ ಚನ್ನಗಿರಿಯ ಗಂಡನ ಮನೆಯಲ್ಲಿದ್ದ ನನಗೆ ಅವ್ವನ ಫೋನು ಬಂತು. "ಜ್ವರ ಬಂದೈತೆ. ಹಾಲು ಕಟ್ಟಿದ್ದಕ್ಕಂತೆ, ನೀರು ಹಾಕಾಕೆ ಬಂದಾಕಿ ಹೇಳಿದ್ಲು. ಹೊಟ್ಟೆನೂ ನೋಯ್ತೈತಂತೆ."

"ಈಗಲೇ ಆಸ್ಪತ್ರೆಗೆ ಕರ್ಕಂಡು ಹೋಗವ್ವ."

"ನೀನೂ ತಿಪ್ಪಮ್ಮನ ಹಂಗೆ ಅಪಶಕುನ ನುಡೀಬ್ಯಾಡ. ಹನ್ನೊಂದು ದಿನ ಕಳೀಲಿ."

ನಾನು ಫೋನು ಇಟ್ಟೆ. ಹಟ ಹಿಡಿಯಲಿಲ್ಲ, ಹೊರಟು ಬರಲೂ ಇಲ್ಲ. ಎಂಟನೇ ದಿನ ತಂಗಿ ಯಾರ ಗುರುತೂ ಹಿಡಿಯದಂತಾದಾಗ ಶಿವಮೊಗ್ಗಕ್ಕೆ ಸಾಗಿಸಿದರು. ಗರ್ಭಕೋಶದ ನಂಜು ರಕ್ತಕ್ಕೇರಿದೆ, ತಡವಾಯಿತು ಎಂದರು ಡಾಕ್ಟರು.

ತಂಗಿಯನ್ನು ಪಡಸಾಲೆಯಲ್ಲಿ ಮಲಗಿಸಿದ್ದಾಗ ತಿಪ್ಪಮ್ಮ ಬಂದಳು. ಗೇಟಿನ ಆಚೆ, ರಸ್ತೆಯ ಮೇಲೆ, ಬಿಸಿಲಲ್ಲಿ ನಿಂತಳು. ಸತ್ತ ಮನೆಗೆ ಜಗಳ ಆಡಿದವರೂ ಒಳಗೆ ಬರುತ್ತಾರೆ, ಯಾರೂ ಕರೆಯಬೇಕಿಲ್ಲ. ಅವಳು ಬರಲಿಲ್ಲ. ಅವ್ವ ಗೋಡೆಯ ಕಡೆ ತಿರುಗಿ ಕೂತಿದ್ದಳು. ನನ್ನ ಪಕ್ಕದ ಹೆಂಗಸು, "ನೋಡು, ಬಂದ್ಲು" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಹೆಣ ಎತ್ತುವ ತನಕ ತಿಪ್ಪಮ್ಮ ಅಲ್ಲೇ ನಿಂತಿದ್ದಳು. ಅವಳನ್ನು ಮತ್ತೆ ನ್ಯಾಮತಿಯಲ್ಲಿ ಯಾರೂ ಕಂಡಿಲ್ಲ. ಹಾಗೆ ಗೇಟಿನ ಆಚೆ ನಿಂತಿದ್ದಾಗ ಒಂದು ಸಲ ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತ್ತು. "ಒಳಗೆ ಬಾ ತಿಪ್ಪಮ್ಮ" ಎನ್ನಲು ಬಾಯಿ ತೆರೆದೆ. ಸುತ್ತ ಕೂತಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ.