ರಿಸಾಲ್ವರ್ ನಂಬದ ಕಪೆಂಬ್ವಾ

ಕಿಟ್ವೆಯ ನಮ್ಮ ತಾಮ್ರದ ಗಣಿಯಲ್ಲಿ, ಜನರ ಪಂಜರವನ್ನು ಆಳಕ್ಕಿಳಿಸುವ ದೊಡ್ಡ ರಾಟೆಯ ದಂಡದ ತುದಿಗೆ ರಿಸಾಲ್ವರ್ ಎಂಬ ಮುಷ್ಟಿಗಾತ್ರದ ಅಳತೆಯ ಸಾಧನ ಕೂತಿದೆ. ಅದನ್ನು ಕಾಯಲು ಕಪೆಂಬ್ವಾ ಇದ್ದಾರೆ. ಕರೆಂಟು ಹೋಗಿ ಬಂದರೂ ದಂಡ ಎಲ್ಲಿ ನಿಂತಿದೆ, ಪಂಜರ ಎಷ್ಟು ಆಳದಲ್ಲಿದೆ ಎಂದು ಅದು ತಕ್ಷಣ ಹೇಳುತ್ತದೆ. ಇವರು ಮಾತ್ರ ನಂಬುವುದಿಲ್ಲ. ಟಾರ್ಚು ಹಿಡಿದು ದಂಡದ ಮೇಲಿನ ಗೆರೆಗೆ ರಿಸಾಲ್ವರಿನ ಸೊನ್ನೆ ಗೆರೆ ಕೂಡಿದೆಯೇ ಎಂದು ನೋಡುತ್ತಾರೆ, ಒರೆಸುತ್ತಾರೆ, ಮತ್ತೆ ನೋಡುತ್ತಾರೆ. ಕ್ಯಾಂಟೀನಿನಲ್ಲಿ ನಾನು ಬಡಿಸಿದ ನ್ಶಿಮಾ ಮುದ್ದೆಯ ತಟ್ಟೆಯನ್ನೂ ತಿರುಗಿಸಿ ನೇರ ಮಾಡಿಕೊಂಡೇ ಉಣ್ಣುತ್ತಾರೆ. “ಏನ್ ತಾತಾ, ತಟ್ಟೆಗೂ ಸೊನ್ನೆ ಹಿಡೀತೀರಾ?” ಎಂದು ಗಣಿಯವರು ಕಿಚಾಯಿಸಿದರೆ, “ನಗ್ರಪ್ಪಾ, ನಗ್ರಿ. ಪೂರ್ತಿ ಕೆಟ್ರೆ ರಿಸಾಲ್ವರ್ ಬಾಯ್ ಮುಚ್ಕೊಳತ್ತೆ. ತಿರುಪು ಸಡಿಲಾದ್ರೆ ಸುಳ್ಳನ್ನೂ ನಿಜದ ಥರಾನೇ ಹೇಳತ್ತೆ,” ಎನ್ನುತ್ತಾರೆ. ಹೊಸ ರಿಸಾಲ್ವರ್ ಕೂಡಿಸಿದ ದಿನ, ಮೇಲಿನವರು ಎಷ್ಟೇ ಗದರಲಿ, ಯಾರನ್ನೂ ಹತ್ತಿಸುವುದಿಲ್ಲ. ಪಂಜರದ ನೆಲ ಜನ ಇಳಿಯುವ ಪ್ರತಿ ಹಂತದ ಕಟ್ಟೆಗೂ ಸಮನಾಗಿ ನಿಲ್ಲುತ್ತದೆಯೇ ಎಂದು ನೋಡಲು ತಾವೊಬ್ಬರೇ ಮೊದಲು ಇಳಿಯುತ್ತಾರೆ. ಇಳಿಯುವ ಮುಂಚೆ ಅಡುಗೆಮನೆಗೆ ಬಂದು ತಮ್ಮ ಮನೆಯ ಕೀಲಿ ನನ್ನ ಕೈಗಿಡುತ್ತಾರೆ: “ಇಟ್ಕೊಂಡಿರಮ್ಮಾ, ಮೇಲ್ ಬಂದ್ರೆ ತಗೋತೀನಿ.” ಅವರು ಬರುವವರೆಗೆ ಅದನ್ನು ಹಿಡಿದು ಪ್ರಾರ್ಥಿಸುತ್ತೇನೆ. ಆಮೇಲೆ ನನ್ನ ಗಂಡನ ಪಾಳಿಯವರು ಅದೇ ಪಂಜರದಲ್ಲಿ ಇಳಿಯುತ್ತಾರೆ. ಆಗ ನಾನು ನಿಶ್ಚಿಂತೆಯಿಂದ ಪಾತ್ರೆ ತೊಳೆಯುತ್ತಿರುತ್ತೇನೆ.