ಒಗ್ಗರಣೆ ಇಲ್ಲದ ಪಚಡಿ

ಬೆಳಗಿನ ಐದೂವರೆ. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಉಮಾಬಾಯಿ ಬೆಳ್ಳುಳ್ಳಿ ಜಜ್ಜುತ್ತಿದ್ದಾರೆ. ಆಲಿವ್ ಎಣ್ಣೆ, ವಿನೆಗರ್, ಸಾಸಿವೆ ಪುಡಿ, ಒಣಗಿದ ಆರೆಗಾನೊ ಸೊಪ್ಪು, ಉಪ್ಪು, ಚಿಟಿಕೆ ಸಕ್ಕರೆ ಎಲ್ಲವೂ ಗಾಜಿನ ಭರಣಿಗೆ ಬೀಳುತ್ತವೆ. ಮುಚ್ಚಳ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಕುಲುಕುತ್ತಾರೆ. ಇಲ್ಲಿನ ಹುಡುಗ ಹುಡುಗಿಯರು ಹಸಿ ತರಕಾರಿಯ ಮೇಲೆ ಸುರಿದುಕೊಳ್ಳುವ ಇಟಾಲಿಯನ್ ಡ್ರೆಸ್ಸಿಂಗ್ ಇದು. ದಿನಕ್ಕೆ ಇನ್ನೂರು ತಟ್ಟೆ, ಮೂರು ಲೀಟರ್.

ಇವತ್ತು ಮಧ್ಯಾಹ್ನ ಇದರ ಪಕ್ಕದಲ್ಲೇ ಅಂಗಡಿಯಿಂದ ತಂದ ಬಾಟಲಿಯದನ್ನೂ ಇಡುವುದಾಗಿ ಮ್ಯಾನೇಜರ್ ಉಪೇಂದ್ರ ಹೇಳಿದ್ದಾರೆ. ಯಾವುದು ಮೊದಲು ಖಾಲಿಯಾಗುತ್ತದೋ ನಾಳೆಯಿಂದ ಅದೊಂದೇ.

ರಾಯಚೂರು ಕಡೆಯ ಉಮಾಬಾಯಿ ಇಲ್ಲಿ ಪಾತ್ರೆ ತೊಳೆಯಲು ಸೇರಿದವರು. ಎರಡು ವರ್ಷದ ಹಿಂದೆ ಅಡುಗೆಯವರೊಬ್ಬರು ಕೆಲಸ ಬಿಟ್ಟಾಗ ಈ ಭರಣಿ ಇವರ ಕೈಗೆ ಬಂತು. ಮೊದಲ ದಿನ ಎಣ್ಣೆ ಕಾಯಿಸಿ, ಸಾಸಿವೆ ಚಟಪಟ ಅನ್ನಿಸಿ, ಕರಿಬೇವು ಹಾಕಿ ಸುರಿದರು. ಲೆಟ್ಯೂಸ್ ಎಲೆಗಳೆಲ್ಲ ಬಾಡಿ ಮುದ್ದೆಯಾದವು. “ಇಟಲಿಗೇ ಒಗ್ಗರಣಿ ಹಾಕಿದಾಕಿ ಈಕಿ,” ಎಂದು ಜೊತೆಗಾತಿ ಯಂಕಮ್ಮ ಈಗಲೂ ಕಾಡಿಸುತ್ತಾರೆ.

“ಆಮ್ಯಾಲೆ ತಿಳೀತ್ರಿ,” ಎನ್ನುತ್ತಾರೆ ಉಮಾಬಾಯಿ. “ನಮ್ಮವ್ವ ಮೆಂತೆ ತಪ್ಪಲ ಪಚಡಿಗೆ ಹಸಿ ಎಣ್ಣಿನೇ ಹಾಕ್ತಿದ್ಲು. ಇದೂ ಪಚಡಿನೇ ಅಲ್ಲೇನ್ರಿ?”

ಮಧ್ಯಾಹ್ನ ಒಂದು ಗಂಟೆ. ಬಾಟಲಿಯದು ಬೆಳ್ಳಗೆ, ನುಣ್ಣಗೆ ಕೂತಿದೆ. ಇವರ ಬಟ್ಟಲಿನಲ್ಲಿ ಎಣ್ಣೆ ಮೇಲೆ ತೇಲಿ, ಸೊಪ್ಪು ತಳ ಸೇರಿದೆ. ಬಂದವರು ಬಗ್ಗಿ ನೋಡಿ, ಕೆಟ್ಟಿದೆ ಎಂದುಕೊಂಡು ಪಕ್ಕದ್ದಕ್ಕೆ ಸೌಟು ಹಾಕುತ್ತಾರೆ. ಅಡುಗೆಮನೆಯ ಬಾಗಿಲ ಗಾಜಿನಿಂದ ಉಮಾಬಾಯಿ ನೋಡುತ್ತಲೇ ಇದ್ದಾರೆ. ಒಳಗಿನವರು ಕೌಂಟರಿಗೆ ಬರುವಂತಿಲ್ಲ.

ಅವರ ಮನೆಯಲ್ಲಿ ಹಸಿ ಸೊಪ್ಪಿನ ಪಚಡಿ ಕಲಸುತ್ತಿದ್ದುದು ಎಲ್ಲರೂ ಊಟಕ್ಕೆ ಕೂತ ಮೇಲೇ. ಮೊದಲೇ ಕಲಸಿದರೆ ನೀರು ಬಿಡುತ್ತದೆ. ಅದು ನೆನಪಾಯಿತೋ ಏನೋ, ಭರಣಿ ಹಿಡಿದು ಹೊರಗೇ ಬಂದು, ಬಟ್ಟಲಿನದನ್ನು ಮತ್ತೆ ಅದಕ್ಕೆ ಸುರಿದುಕೊಂಡು ನಿಲ್ಲುತ್ತಾರೆ. ಕುಲುಕಿ, ಒಂದು ಚಮಚ ಹಾಕಿ, ಎರಡು ಸೌಟಿನಲ್ಲಿ ಎಲೆ ಹೊರಳಿಸಿ ಕೊಡುತ್ತಾರೆ. ಮತ್ತೆ ಕುಲುಕು, ಮತ್ತೊಂದು ತಟ್ಟೆ. ಎದುರಿಗೆ ಸಾಲು ಬೆಳೆಯುತ್ತದೆ. ಒಬ್ಬ ಹುಡುಗಿ ಎರಡನೇ ಸಲ ಬಂದು ತೆಲುಗಿನಲ್ಲಿ ಇನ್ನಷ್ಟು ಕೇಳುತ್ತಾಳೆ.

ಎರಡು ಗಂಟೆಗೆ ಭರಣಿಯ ತಳ ಕಾಣುತ್ತದೆ. ಪಕ್ಕದ ಬಟ್ಟಲು ಅರ್ಧಕ್ಕೆ ನಿಂತಿದೆ. ಉಪೇಂದ್ರ ಉಳಿದ ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕುತ್ತಾ, “ನಾಳೆ ನಾಲ್ಕು ಲೀಟರ್ ಮಾಡ್ರಿ ಉಮಾಬಾಯಿ,” ಎನ್ನುತ್ತಾರೆ.

ಇನ್ನೇನಾದರೂ ಬೇಕೇ ಎಂದು ಉಪೇಂದ್ರ ಕೇಳಿದರೆ ಉಮಾಬಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

“ದಿನಾ ಅರ್ಧ ತಾಸು ಹಿಂಗ ಹೊರಗ ನಿಲ್ಲಾಕ ಬಿಟ್ಟರ ಸಾಕ್ರಿ. ಎರಡು ವರ್ಷ ಆತು ಮಾಡಾಕತ್ತು. ತಿನ್ನೋರ ಮಾರಿ ನೋಡಿದ್ದು ಇವತ್ತೇ.”